ಹೆಚ್ಚಾದ ಗುಳಿಗೆ

ಗಡಿಗೆಪ್ಪನ ಮನೆಯಲ್ಲಿ ಯಾವುದೂ ತೀರುತ್ತಿರಲಿಲ್ಲ. ಅಕ್ಕಿ ಡಬ್ಬಿ ಬರಿದಾದರೆ ಅಕ್ಕಿ ಹೆಚ್ಚಾದವು ಅನ್ನಬೇಕು, ಎಣ್ಣೆ ಮುಗಿದರೆ ಎಣ್ಣೆ ಹೆಚ್ಚಾಯಿತು ಅನ್ನಬೇಕು. ಹೆಂಡತಿ ಚನ್ನಮಲ್ಲಮ್ಮನ ಬಳೆ ಒಡೆಯುತ್ತಿರಲಿಲ್ಲ, ಹಿಗ್ಗುತ್ತಿದ್ದವು. ದೀಪ ಆರುತ್ತಿರಲಿಲ್ಲ, ಶಾಂತವಾಗುತ್ತಿತ್ತು. ಬಂದ ನೆಂಟರು ಬಾಯಿತಪ್ಪಿ 'ಹೋಗ್ತೀನಿ' ಅಂದರೆ ಹಿಡಿದು ಕೂರಿಸಿ, ನೀರು ಕುಡಿಸಿ, 'ಬರ್ತೀನಿ' ಅನ್ನಿಸಿದ ಮೇಲೆಯೇ ಬಿಡುತ್ತಿದ್ದ. ಮೇಲೆ ಅಸ್ತು ದೇವತೆಗಳು ಕಿವಿಗೊಟ್ಟು ಕೂತಿರುತ್ತಾರೆ, ಕೆಟ್ಟ ಮಾತು ಬಿದ್ದ ಕೂಡಲೇ ಅಸ್ತು ಅಂದುಬಿಡುತ್ತಾರೆ ಎಂಬುದು ಅವನ ನಂಬಿಕೆ. ಒಳ್ಳೆಯ ಮಾತಿಗೆ ಅವರೇಕೆ ಕಿವುಡರಾಗುತ್ತಾರೋ, ಅದನ್ನು ಅವನು ಯಾವತ್ತೂ ಕೇಳಿಕೊಂಡವನಲ್ಲ.

ಮೂವತ್ತು ವರ್ಷ ಮಾನ್ವಿಯ ಅಡತಿ ಅಂಗಡಿಗಳಲ್ಲಿ ಚೀಲ ತೂಗಿದ ಮನುಷ್ಯ. ಮೊದಲನೇ ಚೀಲಕ್ಕೆ 'ಒಂದು' ಅಂದವನೇ ಅಲ್ಲ. 'ಲಾಭ' ಎಂದು ಕೂಗಿ ಎರಡಕ್ಕೆ ಹೋಗುತ್ತಿದ್ದ. ತಕ್ಕಡಿ ಬಿಟ್ಟ ಮೇಲೆ ಮಂದಿಯ ಮಾತು ತೂಗುವುದು ಶುರುವಾಯಿತು. ಆರಾಮ ಇದ್ದೀರಾ ಎಂದು ಕೇಳಿದವರನ್ನೂ, ಇವರಿಗೇಕೆ ಈ ಉಸಾಬರಿ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

ಇಂಥವನ ಗೋಡೆಗೆ ಗೋಡೆ ಹತ್ತಿಕೊಂಡೇ ಇದ್ದವಳು ಬಸವಂತಮ್ಮ. ದೇವದುರ್ಗದಿಂದ ಮಾನ್ವಿಗೆ ಸೊಸೆಯಾಗಿ ಬಂದವಳು. ಗಂಡ ಹೋದ ಮೇಲೆ ಎರಡು ಎಮ್ಮೆ ಕಟ್ಟಿ ಓಣಿಗೆ ಹಾಲು ಹಾಕುತ್ತಿದ್ದಳು. ಅವಳಿಗೆ ಬೆಳಗಾಗುತ್ತಿದ್ದುದೇ ಬೈಗುಳದಿಂದ. ಎಮ್ಮೆ ಒದ್ದರೆ ಅದರ ಕಾಲಿಗೆ ಹುಳ ಬೀಳಬೇಕು, ನಳ ಬಾರದಿದ್ದರೆ ನಳದ ಬಾಯಿಗೆ ಮಣ್ಣು ಬೀಳಬೇಕು. ಶಾಲೆಗೆ ಹೊರಟ ಮೊಮ್ಮಗಳನ್ನು ಮನಿಹಾಳಿ ಎಂದೇ ಕರೆದು ರೊಟ್ಟಿ ಕೊಡುವಳು, ಆ ಹುಡುಗಿ ನಗುತ್ತ ತಿನ್ನುವಳು. ಗಡಿಗೆಪ್ಪ ಮಾತ್ರ ಅವಳದು ಕರಿನಾಲಿಗೆ ಎಂದು ಓಣಿ ತುಂಬ ಸಾರಿದ್ದ.

ಒಂದು ದಿನ ಎಮ್ಮೆ ತೊಳೆದ ನೀರು ಅವನ ಬಾಗಿಲಿಗೆ ಹರಿದು ಬಂತು. ಕೋಲು ಹಿಡಿದು ಜಗಳಕ್ಕೆ ನಿಂತ. ಬಸವಂತಮ್ಮ ಸಗಣಿಯಿಂದ ಕೈ ತೆಗೆಯದೆಯೇ ಒಂದು ಮಾತು ಎಸೆದಳು.

"ನಿನ್ನ ಒಲಿ ಆರಲಿ, ನೀರಿಗೇನು ಕಣ್ಣ ಅದಾವೇನೋ?"

ಅವಳು ಅಂದು ಮರೆತಳು. ಇವನು ಒಳಗೆ ಬಂದು ಒಲೆ ನೋಡಿದ. ಅವತ್ತಿನಿಂದ ದಿನಕ್ಕೆ ಹತ್ತು ಸಲ ಅಡುಗೆಮನೆಗೆ ಇಣುಕುವುದು, ಗ್ಯಾಸಿನ ಉರಿ ಎಣಿಸುವವನ ಹಾಗೆ ನೋಡುವುದು, ಚನ್ನಮಲ್ಲಮ್ಮನಿಂದ ಬೈಸಿಕೊಳ್ಳುವುದು.

ಅದೇ ವಾರ ನರ್ಸ್ ವಿಶಾಖಾ ಬಂದಳು. ಮನೆಮನೆಗೆ ಬಂದು ಬಿಪಿ ನೋಡಿ ಗುಳಿಗೆ ಕೊಡುವ ಹುಡುಗಿ. ರಾಯಚೂರು ಪೇಟೆಯಲ್ಲಿ ಬೆಳೆದವಳು, ಬುದ್ಧವಿಹಾರಕ್ಕೆ ನಡೆದುಕೊಳ್ಳುವ ಮನೆಯವಳು. ಅವರ ಮನೆಯಲ್ಲಿ ತೀರಿದ್ದು ತೀರಿತು, ಒಡೆದದ್ದು ಒಡೆಯಿತು. ಚನ್ನಮಲ್ಲಮ್ಮ ನೀರಿಗೆ ಹೋಗಿದ್ದಳು. ಅವಳ ಬಿಪಿ ಗುಳಿಗೆ ಇವೆಯಾ ಎಂದು ವಿಶಾಖಾ ಗಡಿಗೆಪ್ಪನನ್ನು ಕೇಳಿದಳು. ಬರಿದಾದ ಡಬ್ಬಿ ಗೂಡಿನಲ್ಲೇ ಇತ್ತು. ಹೆಚ್ಚಾಗ್ಯಾವ ಅಂದ ಗಡಿಗೆಪ್ಪ. ಹಾಗಾದರೆ ಈಗ ಬೇಡ, ಮುಂದಿನ ತಿಂಗಳು ನೋಡೋಣ ಎಂದು ಅವಳು ಬರೆದುಕೊಂಡು ಹೋದಳು. ಒಂದು ತಿಂಗಳು ಗುಳಿಗೆ ಬಿಡಿಸುತ್ತಿದ್ದಾರೆ ಎಂದುಕೊಂಡ ಇವನು, ಹೆಂಡತಿಗೂ ಹಾಗೇ ಹೇಳಿದ.

ಇಪ್ಪತ್ತು ದಿನ ಕಳೆದವು. ಬೆಳಿಗ್ಗೆ ಹತ್ತರ ಹೊತ್ತು, ಹಂಚಿನ ಮೇಲೆ ರೊಟ್ಟಿ ಇರುವಾಗಲೇ ಚನ್ನಮಲ್ಲಮ್ಮ ಕುಸಿದಳು. ಬಾಯಿ ಒಂದು ಕಡೆಗೆ ವಾಲಿತ್ತು. ರೊಟ್ಟಿ ಸೀದ ವಾಸನೆಗೆ ಓಡಿಬಂದ ಗಡಿಗೆಪ್ಪ ಮೊದಲು ಗ್ಯಾಸು ಬಂದ್ ಮಾಡಿದ. ಮಾಡಿದ ಕೈ ಅಲ್ಲೇ ನಿಂತಿತು. ಒಲೆ ಆರಿತ್ತು.

ಅವನ ಕೂಗಿಗೆ ಬಸವಂತಮ್ಮ ಸಗಣಿ ಕೈಯಲ್ಲೇ ಬಂದಳು. ಬಾಗಿಲಿಗೆ ಅಡ್ಡ ನಿಂತು ಒಳಗೆ ಕಾಲಿಡಬೇಡ ಅಂದ. ಅವನನ್ನು ಸರಿಸಿ ಒಳಗೆ ಬಂದವಳು ಬಿದ್ದವಳ ಮುಖ ನೋಡಿ, ಗುಳಿಗೆ ಕೊಟ್ಟಿದ್ದೀಯಾ ಎಂದು ಕೇಳಿದಳು. ಹೆಚ್ಚಾಗಿ ಇಪ್ಪತ್ತು ದಿನ ಆಯಿತು ಅಂದ. ಅವಳಿಗೆ ಅರ್ಥವಾಯಿತು. ನರ್ಸಮ್ಮನಿಗೆ ಫೋನ್ ಹಚ್ಚು ಅಂದಳು.

"ಗುಳಿಗಿ ಹೆಚ್ಚಾಗ್ಯಾವ್ರಿ, ಇಪ್ಪತ್ತ ದಿನ ಆತು. ಈಗ ಬಿದ್ದಾಳ," ಅಂದ ಗಡಿಗೆಪ್ಪ.

ಆ ಕಡೆ ವಿಶಾಖಾಳ ದನಿ ಬದಲಾಯಿತು. "ಇಪ್ಪತ್ತ ದಿನದಿಂದ ಹೆಚ್ಚ ನುಂಗಾಕತ್ತಾರೇನ್ರಿ? ಒಮ್ಮಿಗೆ ಎಷ್ಟ ನುಂಗ್ಯಾರ?"

ಅವನು ಹೇಳಬೇಕಾದ ಮಾತು ಒಂದೇ. ಆದರೆ ಹೆಂಡತಿ ನೆಲದ ಮೇಲೆ ಬಿದ್ದಿರುವಾಗ, ಆರಿದ ಒಲೆಯ ಮುಂದೆ ನಿಂತು ಆ ಮಾತು ಹೇಗೆ ಆಡುವುದು?

"ತೀರ್ಯಾವ ಅನ್ನಲೇ ಮನಿಹಾಳ," ಅಂದಳು ಬಸವಂತಮ್ಮ.

ಗಡಿಗೆಪ್ಪ ಅವಳ ಮುಖ ನೋಡಿದ. ತಾನು ಹಾಕಿದ ಶಾಪಕ್ಕೆ ನನ್ನ ಬಾಯಿಂದಲೇ ಅಸ್ತು ಅನ್ನಿಸಬೇಕೆಂದಿದ್ದಾಳೆ ಈಕೆ ಎನ್ನಿಸಿತು. ಚನ್ನಮಲ್ಲಮ್ಮನ ಕಣ್ಣು ಅವನ ಮೇಲೆಯೇ ಇತ್ತು.

"ತೀರ್ಯಾವ್ರಿ," ಅಂದ. "ಒಂದೂ ಇಲ್ಲ. ಇಪ್ಪತ್ತ ದಿನದಿಂದ ಒಂದೂ ನುಂಗಿಲ್ಲ."

ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಬಂತು. ರಾಯಚೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ. ಹೊತ್ತಿಗೆ ಸರಿಯಾಗಿ ತಂದಿರಿ ಎಂದು ಡಾಕ್ಟರು ಹೇಳಿದರು. ನೋಡಲು ಬಂದ ವಿಶಾಖಾ, ಅವತ್ತು ಹೆಚ್ಚಾಗ್ಯಾವ ಅಂದದ್ದಕ್ಕೆ ಡಬ್ಬಿ ತುಂಬ ಇವೆ ಎಂದೇ ತಿಳಿದಿದ್ದೆ ಎಂದು ಕಣ್ಣೀರು ಹಾಕಿದಳು. ಗಡಿಗೆಪ್ಪ ತಲೆ ತಗ್ಗಿಸಿದ. ಅಷ್ಟು ವರ್ಷ ಮಂದಿಯ ನಾಲಿಗೆಯಲ್ಲಿ ಹುಡುಕಿದ ಕಪ್ಪು ತನ್ನದರಲ್ಲೇ ಇತ್ತಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

ಮನೆಗೆ ಬಂದ ಮೇಲೆ ಇನ್ನೊಂದು ಅನುಮಾನ ಹತ್ತಿತು. ಗೋಡೆಯಾಚೆ ಸದ್ದೇ ಇಲ್ಲ. ಎಮ್ಮೆ ಒದ್ದರೂ ಬೈಗುಳವಿಲ್ಲ, ಮೊಮ್ಮಗಳಿಗೂ ಬರೀ 'ಬಾ ತಂಗಿ'. ಎರಡು ದಿನ ಕಿವಿಗೊಟ್ಟು ಕೂತ. ಅವಳೂ ತನ್ನ ನಾಲಿಗೆಗೆ ಹೆದರಿದ್ದಾಳೆ ಎಂದು ಮೂರನೇ ದಿನ ಹೊಳೆಯಿತು. ಹೆದರಿಸಿದವನು ತಾನೇ.

ಅವತ್ತು ಒಂದು ಕೊಡ ನೀರು ತಂದು ಬೇಕೆಂದೇ ಅವಳ ಅಂಗಳಕ್ಕೆ ಸುರಿದ.

"ಲೇ, ನಿನ್ನ ಒಲಿ..." ಎಂದವಳೇ ಬಸವಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಪೂರಾ ಅಂದುಬಿಡವ್ವ," ಅಂದ ಗಡಿಗೆಪ್ಪ. "ನುಂಗಿದ ಮಾತು ನಮ್ಮ ಮನಿಗೆ ಆಗಿಬರಂಗಿಲ್ಲ."

ಅವಳು ಪೂರಾ ಅಂದಳು. ಒಳಗೆ ಚನ್ನಮಲ್ಲಮ್ಮ ಎಡಗೈಯಲ್ಲೇ ಗ್ಯಾಸು ಹಚ್ಚಿ ಚಹಾಕ್ಕೆ ಇಟ್ಟಳು.