ಪಿನ್ ಹೊಡೆದ ಹಾಕಿ ಕಾದಂಬರಿ

ಸಾರಿ ಫ್ರೆಂಡ್ಸ್, ನಾಳೆ ಮೊದಲ ಪೇಪರ್ ಇಟ್ಕೊಂಡು ಪೋಸ್ಟ್ ಹಾಕಬಾರದು, ಆದ್ರ ಸಿಟ್ಟು ತಡಕೊಳ್ಳಾಕ ಆಗವಲ್ದು. ಐಸ್ ಹಾಕಿ ಆಡೋ ಹೀರೋನ ರೊಮ್ಯಾನ್ಸ್ ಸಿರೀಸ್ ಓದಾಕತ್ತೇನಿ ಅಂತ ಹೇಳಿದ್ದೆನಲ್ಲ? ಇಚಲಕರಂಜಿಯ ಗೆಳತಿ ಕೊಟ್ಟಿದ್ದ ಮೂರನೇ ಭಾಗಾನ ಇಲ್ಲಿ ಕೊಲ್ಲಾಪುರದ ನಮ್ಮ ಹಾಸ್ಟೆಲ್ ರೆಕ್ಟರ್ ಮೇಡಂ, ಅಂದ್ರ ವಾರ್ಡನ್, ಹೋದ ವಾರ ಕಸಗೊಂಡಿದ್ರು.

"ಆಟದ ಪುಸ್ತಕ ರೀ ಮೇಡಂ" ಅಂದೆ.

ಕವರ್ ಮ್ಯಾಲಿನ ಹೀರೋನ್ನ ನೋಡಿ, "ಕೊಲ್ಲಾಪುರದಾಗ ಅಂಗಿ ಬಿಚ್ಚಿ ಆಡೋ ಆಟ ಕುಸ್ತಿ ಒಂದಽ" ಅಂದ್ರು.

ಇವತ್ತು ಮಧ್ಯಾಹ್ನ ವಾಪಸ್ ಕೊಟ್ರು. ತೆಗೆದು ನೋಡಿದ್ರ ಹಸಿಬಿಸಿ ಪುಟಕ್ಕೆಲ್ಲಾ ಸ್ಟೇಪ್ಲರ್ ಪಿನ್! ಒಂದೂ ಬಿಟ್ಟಿಲ್ಲ. ಅಂದ್ರ ಪೂರಾ ಓದ್ಯಾರ! ಕಿತ್ತರ ಪುಟ ಹರೀತಾವ, ಪುಸ್ತಕ ನಂದಲ್ಲ. ಹೋಗ್ಲಿ ಅಂತ ಮುಂದಿನ ಪುಟ ತಿರುವಿದೆ. ಆದ್ರ ಕೊನೇ ಚಾಪ್ಟರಿನ ಹೆಸರಽ 'ಫೈನಲ್ ಮ್ಯಾಚ್'. ಅದಕ್ಕೂ ಪಿನ್!

"ಇದರಾಗ ಏನ್ ಅಸಭ್ಯ ಐತ್ರಿ ಮೇಡಂ?"

"ಏನಿಲ್ಲ ಪೋರಿ. ಅಲ್ಲಿ ಅವನ ಕಾಲು ಮುರೀತೈತಿ, ಆಕಿ ಬಿಟ್ಟು ಹೋಗ್ತಾಳ. ನೀ ಮೊದಲಽ ಟೆನ್ಶನ್ ತಗೊಳ್ಳಾಕಿ. ಪರೀಕ್ಷಾ ಮುಗಿಯೋತನಕ ಓದಬ್ಯಾಡ."

ಎಲ್ಲಾ ಹೇಳೇ ಬಿಟ್ರಲ್ಲ! ಟೆನ್ಶನ್ ಆಗಬಾರದಂತ! ಮ್ಯಾಲ, "ನಾಕನೇ ಭಾಗ ಬಂದ್ರ ಮೊದಲ ನನಗ ತೋರ್ಸು" ಅಂತ ಆರ್ಡರ್ ಬ್ಯಾರೆ.

ನಾಕನೇದು ಓದಿದವ್ರು ಯಾರರ ಇದ್ರ, ಅವನ ಕಾಲು ನೆಟ್ಟಗಾಗತೈತೋ ಇಲ್ಲೋ, ಆಕಿ ಹೊಳ್ಳಿ ಬರ್ತಾಳೋ ಇಲ್ಲೋ, ಅಷ್ಟು ಹೇಳ್ರಿ. ನಾನೂ ಕೇಳಾಕತ್ತೇನಿ, ಮೇಡಮ್ಮೂ ಕೇಳಾಕತ್ತಾರ. ಲಗೂನ ರಿಪ್ಲೈ ಮಾಡ್ರಿ.