ಮನಿಷಾಳ ಸೊಂಟನೋವು

ಮಿರಜದ ಸೀರೆ ಅಂಗಡಿಗಳಲ್ಲಿ ಮನಿಷಾಳಂತೆ ಸೀರೆ ಬಿಚ್ಚಿ ತೋರಿಸುವವರು ಇನ್ನೊಬ್ಬರಿರಲಿಲ್ಲ. ನೆಲಕ್ಕೆ ಹಾಸಿದ ಗಾದಿಯ ಮೇಲೆ ಮಂಡಿಯೂರಿ, ಸೆರಗು ಹಿಡಿದು ಒಮ್ಮೆ ಬೀಸಿದಳೆಂದರೆ ಇಡೀ ಸೀರೆ ಗಿರಾಕಿಯ ತೊಡೆಯ ಮೇಲೆ ಹೋಗಿ ಬೀಳುತ್ತಿತ್ತು. ತೊಡೆಗೆ ಬಿದ್ದ ಸೀರೆಯನ್ನು ಹಿಂದಕ್ಕೆ ತಳ್ಳುವಷ್ಟು ಗಟ್ಟಿ ಎದೆಯ ಹೆಂಗಸು ಸಾಂಗ್ಲಿ ಜಿಲ್ಲೆಯಲ್ಲಿ ಹುಟ್ಟಿಲ್ಲ ಎಂದು ಮಾಲಕ ಕಲ್ಲಯ್ಯ ಹೇಳುತ್ತಿದ್ದ. ಹಾಗೆ ಹೇಳುತ್ತಲೇ ಅವಳ ಪಗಾರ ಹೆಚ್ಚಿಸುವುದನ್ನು ಪ್ರತಿ ವರ್ಷ ಮರೆಯುತ್ತಿದ್ದ.

ಆ ಅಂಗಡಿಯಲ್ಲಿ ಕುರ್ಚಿಗಳಿದ್ದದ್ದು ಹೆಂಡಂದಿರ ಜೊತೆ ಬಂದು ಬೇಸತ್ತ ಗಂಡಂದಿರಿಗೆ ಮಾತ್ರ. ಮಾಲಕ, ಕೆಲಸದವರು ಎಲ್ಲರೂ ಗಾದಿಯ ಮೇಲೇ ಕೂರಬೇಕು. ಗಾದಿಯೆಂದರೆ ಲಕ್ಷ್ಮಿ, ಮಾರುವವರು ಅವಳಿಗಿಂತ ಎತ್ತರ ಕೂತರೆ ಅವಳು ಎದ್ದು ಹೋಗುತ್ತಾಳೆ ಎಂಬುದು ಕಲ್ಲಯ್ಯನ ಅಜ್ಜ ಹಾಕಿಕೊಟ್ಟ ಪದ್ಧತಿ. ಬೇಸತ್ತ ಗಂಡಂದಿರು ಎತ್ತರ ಕೂತರೆ ಅವಳಿಗೇಕೆ ಸಿಟ್ಟು ಬರುವುದಿಲ್ಲವೋ, ಅದನ್ನು ಮಾತ್ರ ಅಜ್ಜ ಹೇಳಿ ಹೋಗಿರಲಿಲ್ಲ.

ಈಗ ಮನಿಷಾಳಿಗೆ ಕುರ್ಚಿ ಬೇಕಾಗಿತ್ತು. ಎರಡು ಸಲ ಬಸುರಾಗಿ, ಎರಡು ಸಲವೂ ಐದು ತಿಂಗಳು ತುಂಬುವ ಮೊದಲೇ ಕೂಸನ್ನು ಕಳೆದುಕೊಂಡವಳು ಅವಳು. ಮೂರನೆಯದನ್ನು ಉಳಿಸಲು ಡಾಕ್ಟರು ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರು. ಏಣಿ ಹತ್ತಬಾರದು, ಗಂಟು ಎತ್ತಬಾರದು, ನೆಲದ ಮೇಲೆ ಕೂತು ಏಳಬಾರದು ಎಂದೂ ಹೇಳಿ ಕಳಿಸಿದ್ದರು. ಮನಿಷಾ ದಿನವಿಡೀ ಮಾಡುವ ಕೆಲಸಗಳೇ ಅವು. ಕೆಲಸ ಬಿಟ್ಟು ಮನೆಯಲ್ಲಿರೋಣವೆಂದರೆ ಗಂಡ ಈರೇಶ ದುಡಿಯುವ ಕಾರ್ಖಾನೆ ಅರ್ಧ ವಾರ ಬಾಗಿಲು ಹಾಕಿಕೊಂಡು ಮಲಗುತ್ತಿತ್ತು.

ಸಾಂಗ್ಲಿವಾಡಿಯ ಮನೆಯಲ್ಲಿ ಅತ್ತೆ ಸುನಂದಾಬಾಯಿ ಕಟ್ಟಪ್ಪಣೆ ಮಾಡಿದ್ದಳು.

"ಐದು ತುಂಬೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಹ್ವಾದ ಸಲ ಊರಿಗೆಲ್ಲಾ ಪೇಢೆ ಹಂಚಿದ್ವಿ. ಪೇಢೆ ತಿಂದವರೆಲ್ಲಾ ಆಮ್ಯಾಲ ಮಾರಿ ಸಣ್ಣದು ಮಾಡ್ಕೊಂಡು ಬಂದು, ಏನಾತು ಹೆಂಗಾತು ಅಂತ ಕೇಳಿದ್ರು. ಮತ್ತ ಹೇಳೂದು ನನ್ನ ಕೈಲೆ ಆಗಂಗಿಲ್ಲವ್ವಾ."

"ಹಂಗಾರ ಕುರ್ಚಿ ಹೆಂಗ ಕೇಳ್ಲಿ, ಅತ್ತಿ?"

"ಸೊಂಟನೋವು ಅನ್ನು. ಯಾರಿಗಿಲ್ಲ ಸೊಂಟನೋವು?"

ಸುಳ್ಳಿಗೆ ಅಂಜುವ ಪೈಕಿ ಅಲ್ಲ ಮನಿಷಾ. ಬಣ್ಣ ಬಿಡುವ ಸೀರೆಯ ಮೇಲೆ ಆಣೆ ಇಟ್ಟು ಮಾರಿದವಳು. ಮರುದಿನ ಸೊಂಟಕ್ಕೆ ಕೈ ಕೊಟ್ಟುಕೊಂಡೇ ಅಂಗಡಿ ಹೊಕ್ಕಳು.

"ಕಾಕಾ, ಸೊಂಟ ಭಾಳ ನೂಸಾಕತ್ತೇತ್ರಿ. ಒಂದು ಕುರ್ಚಿ ಕೊಡ್ರಿ, ಕುಂತು ವ್ಯಾಪಾರ ಮಾಡ್ತೇನಿ. ಏಣಿ ಬ್ಯಾರೆ ಯಾರರೆ ಹತ್ಲಿ."

ಕಲ್ಲಯ್ಯ ಕೆಟ್ಟವನಾಗಿದ್ದರೆ ಆಗುವುದಿಲ್ಲ ಎಂದು ಅಲ್ಲಿಗೇ ಮುಗಿಸುತ್ತಿದ್ದ. ಆದರೆ ಅವನು ಒಳ್ಳೆಯವನು, ಗ್ರಹಚಾರ ಇದ್ದದ್ದು ಅಲ್ಲೇ.

"ಕುರ್ಚಿ ಮ್ಯಾಲ ಕುಂತ್ರ ಸೊಂಟ ಇನ್ನಷ್ಟು ಕೆಡತೈತವ್ವಾ," ಎಂದ. "ತಡಿ, ಇದಕ್ಕ ಇಲಾಜ ಮಾಡಸ್ತೇನಿ."

ಮಿರಜದಲ್ಲಿ ಕಲ್ಲು ಎಸೆದರೆ ಯಾವುದಾದರೊಂದು ಡಾಕ್ಟರ ಬೋರ್ಡಿಗೆ ತಗಲುತ್ತದೆ. ಅಷ್ಟೊಂದು ಬೋರ್ಡುಗಳನ್ನು ಬಿಟ್ಟು ಕಲ್ಲಯ್ಯ ಸಮಡೋಳಿಯಿಂದ ಎಲುಬು ಕೂಡಿಸುವ ನಾಗನಾಥನನ್ನು ಕರೆಸಿದ. ಮಧ್ಯಾಹ್ನ ಎಣ್ಣೆ ಬಾಟಲಿ ಬಗಲಿಗಿಟ್ಟುಕೊಂಡು ಅವನು ಬಂದಾಗ, ಕಸಬೆ ಡಿಗ್ರಜದ ಒಂದು ಮನೆತನ ಮದುವೆಯ ಬಸ್ತಾ ಕಟ್ಟಿಸಲು ಗಾದಿಯ ತುಂಬ ಕೂತಿತ್ತು. ಬಸ್ತಾ ಎಂದರೆ ಒಂದು ಮದುವೆಗೆ ಬೇಕಾದ ಅಷ್ಟೂ ಸೀರೆಗಳ ವ್ಯಾಪಾರ.

"ಬೋರಲು ಮಕ್ಕೋ, ತಂಗಿ," ಎಂದ ನಾಗನಾಥ. "ಸೊಂಟದ ಮ್ಯಾಲ ಮೊಣಕಾಲು ಊರಿ ಒಮ್ಮಿ ಜಗ್ಗತೇನಿ. ಟಕ್ ಅಂತು ಅಂದ್ರ ಮುಗೀತು."

"ಬ್ಯಾಡ್ರಿ, ಈಗ ಕಡಿಮಿ ಆಗೇತಿ."

"ಅಂಜಬ್ಯಾಡ, ನಾ ಇದ್ದೇನಿ," ಎಂದು ಕಲ್ಲಯ್ಯ ಧೈರ್ಯ ಹೇಳಿದ. ಡಿಗ್ರಜದ ಹೆಂಗಸೊಬ್ಬಳು ತನಗೂ ಹೀಗೇ ಜಗ್ಗಿದ್ದರೆಂದೂ ಮರುದಿನವೇ ಕಬ್ಬಿನ ಹೊಲಕ್ಕೆ ಹೋದೆನೆಂದೂ ಸಾಕ್ಷಿ ನುಡಿದಳು. ಇನ್ನೊಬ್ಬಳು ಉಪಕಾರಕ್ಕೆಂದು ಮನಿಷಾಳ ಭುಜ ಹಿಡಿದು ಬಗ್ಗಿಸತೊಡಗಿದಳು. ಎಣ್ಣೆ ಹಚ್ಚಿದ ಹೆಬ್ಬೆರಳು ಸೊಂಟಕ್ಕೆ ತಾಗಿದ್ದೇ ತಡ, ಮನಿಷಾ ಭುಜ ಕೊಡವಿಕೊಂಡು ನೆಟ್ಟಗಾದಳು. ಅತ್ತೆಯ ಅಪ್ಪಣೆ, ಜನರ ದೃಷ್ಟಿ, ಯಾವುದೂ ನೆನಪಾಗಲಿಲ್ಲ.

"ಕೈ ತಗೀರಿ. ನಾ ಬಸುರಿ ಅದೇನಿ. ಒಳಗ ಹೊಲಿಗಿ ಹಾಕ್ಯಾರ. ಜಗ್ಗಿದ್ರ ಕೂಸು ಹೋಗತೈತಿ."

ನಾಗನಾಥ ತನ್ನ ಧೋತರಕ್ಕೇ ಕೈ ಒರೆಸಿಕೊಂಡು, ತಾನು ಎಲುಬು ಬಿಟ್ಟರೆ ಬೇರೇನೂ ಮುಟ್ಟುವವನಲ್ಲ ಎಂದು ಗೊಣಗುತ್ತ ಬಾಟಲಿ ಎತ್ತಿಕೊಂಡು ನಡೆದ. ಕಲ್ಲಯ್ಯ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ.

"ಮದ್ಲ ಹೇಳೂದಲ್ಲೇನವ್ವಾ? ನಾಳಿಂದ ಬರಬ್ಯಾಡ. ಮನ್ಯಾಗ ಆರಾಮ ಮಾಡು. ಹಡದ ಮ್ಯಾಲ ನೋಡೂಣು."

ನೋಡೋಣ ಎಂದರೇನೆಂದು ಮನಿಷಾಳಿಗೆ ಗೊತ್ತಿತ್ತು. ದರ ಇಳಿಸಿರೆಂದ ಗಿರಾಕಿಗಳಿಗೆ ಅವಳೇ ದಿನಾ ಹೇಳುವ ಮಾತು ಅದು.

"ನಾ ಆರಾಮ ಕೇಳಿಲ್ರಿ, ಕಾಕಾ. ಕುರ್ಚಿ ಕೇಳೇನಿ," ಎಂದಳು. "ಏಣಿ ಹತ್ತಂಗಿಲ್ಲ, ಗಂಟು ಎತ್ತಂಗಿಲ್ಲ. ಆದ್ರ ನನ್ನ ಈ ಬಾಯಿಗೆ ಯಾವ ಡಾಕ್ಟರೂ ಹೊಲಿಗಿ ಹಾಕಿಲ್ಲ. ಇಷ್ಟು ವರ್ಷ ನಿಮ್ಮ ಸೀರಿ ಮಾರಿದ್ದು ಇದ."

ಡಿಗ್ರಜದ ಮನೆತನಕ್ಕೆ ಹಿರಿಯಳಾದ ಮುದುಕಿ ತನ್ನ ಮಡಿಲಲ್ಲಿದ್ದ ಸೀರೆಯನ್ನು ಗಾದಿಗೆ ತಳ್ಳಿದಳು. "ಆಕೀಗಿ ಕುರ್ಚಿ ಕೊಡ್ರಿ. ಇಲ್ಲಂದ್ರ ನಾವು ಸಾಂಗ್ಲಿಗೆ ಹೋಗಿ ಬಸ್ತಾ ಕಟ್ಟಸ್ತೇವಿ."

ಕುರ್ಚಿ ಕೊಟ್ಟರೆ ಲಕ್ಷ್ಮಿ ಹೋಗುತ್ತಾಳೋ ಇಲ್ಲವೋ, ಈ ಮುದುಕಿಯ ಜೊತೆಗಂತೂ ಹೋಗುವುದು ಖಂಡಿತವಾಗಿತ್ತು. ಕಲ್ಲಯ್ಯ ಒಬ್ಬ ಗಂಡನನ್ನು ಎಬ್ಬಿಸಿ ಅವನ ಕುರ್ಚಿಯನ್ನು ತಾನೇ ಎತ್ತಿ ತಂದಿಟ್ಟ. ಸಂಜೆಯವರೆಗೆ ಮನಿಷಾ ಕುರ್ಚಿಯ ಮೇಲಿಂದಲೇ ಮಾರಿದಳು. ಕಲ್ಲಯ್ಯ ಬಯ್ಯುತ್ತ, ಏದುಸಿರು ಬಿಡುತ್ತ ತಾನೇ ಏಣಿ ಹತ್ತಿ ಇಳಿದ.

ಅವಳು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಹೊಳೆಯ ಸೇತುವೆ ದಾಟಿ ಸಾಂಗ್ಲಿವಾಡಿ ಸೇರಿತ್ತು. ಸುನಂದಾಬಾಯಿ ಹೊಸ್ತಿಲಲ್ಲೇ ಕೂತಿದ್ದಳು.

"ಊರಿಗೆಲ್ಲಾ ಗೊತ್ತಾತು. ನಾಳೆ ಏನರೆ ಹೆಚ್ಚುಕಡಿಮಿ ಆದ್ರ ಯಾರ್ಯಾರಿಗೆ ಹೇಳ್ಲಿ ನಾ?"

ಮನಿಷಾಳಿಗೂ ಅದೇ ಭಯವಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡೇ ಬಂದಿದ್ದಳು.

"ಹ್ವಾದ ಸಲ ನಾ ಒಳಗ ಮಕ್ಕೊಂಡಿದ್ನಿ, ಬಂದವರಿಗೆಲ್ಲಾ ನೀವೊಬ್ರ ಹೇಳಿದ್ರಿ, ಅತ್ತಿ," ಎಂದಳು. "ಈ ಸಲ ಹಂಗೇನರ ಆದ್ರ ನಾನೂ ಹೊರಗ ಬಂದು ನಿಮ್ಮ ಬಾಜೂಕ ಕುಂದರ್ತೇನಿ."

ಸುನಂದಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕುರ್ಚಿಗೆ ಕೈ ಅದಾವೇನು?"

"ಇಲ್ರಿ, ಕೈ ಇಲ್ಲದ್ದು."

"ನಾಳೆ ಕೈ ಇದ್ದದ್ದು ಕೇಳು. ಒಂಬತ್ತನೇ ತಿಂಗಳಾಗ ಎದ್ದು ನಿಂದ್ರೂಮುಂದ ಊರಾಕ ಬೇಕಾಗತೈತಿ."