ಮೆಶೀನಿನ ಹಿಂದೆ ಸಿಕ್ಕಿಕೊಂಡ ಸದ್ಯಪ್ಪ

ಸದ್ಯಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಸರ್ಕಾರಿ ಕಾಗದಗಳಿಗೆ ಮಾತ್ರ ಗೊತ್ತು. ಇಪ್ಪತ್ತೆಂಟು ವರ್ಷ ವಾಷಿಂಗ್ ಮೆಶೀನ್ ರಿಪೇರಿ ಮಾಡುತ್ತಾ, ಪ್ರತಿ ಮನೆಯಿಂದ ಹೊರಡುವಾಗಲೂ "ಸದ್ಯಕ್ಕೆ ನಡೆಯುತ್ತೆ ಬಿಡಿ" ಎಂದು ಹೇಳಿ ಹೇಳಿ ಈ ಹೆಸರು ಸಂಪಾದಿಸಿದ್ದ. ಪೈಪು ಸೋರಿದರೆ ಸೈಕಲ್ ಟ್ಯೂಬು, ಸ್ವಿಚ್ಚು ಸತ್ತರೆ ತಂತಿ, ಕಾಲು ಮುರಿದರೆ ಮರದ ಚಕ್ಕೆ. ಒಂದು ಮೆಶೀನಿಗಂತೂ ಎಷ್ಟು ತೇಪೆ ಹಾಕಿದ್ದನೆಂದರೆ, ಕೊನೆಗೆ ಅದರಲ್ಲಿ ಕಂಪನಿಯದ್ದು ಎಂದು ಉಳಿದದ್ದು ಹೆಸರಿನ ಸ್ಟಿಕ್ಕರ್ ಒಂದೇ. ಅದೂ ಅಂಟು ಬಿಟ್ಟಿತ್ತು. ಅವನೇ ಟೇಪು ಹಚ್ಚಿ ಕೂರಿಸಿದ್ದ.

ಸದ್ಯಕ್ಕೆ ನಡೆದದ್ದು ಎಷ್ಟು ದಿನ ನಡೆದೀತು? ಮೂರು ತಿಂಗಳಿಗೆ ಮತ್ತೆ ಕರೆ ಬರುತ್ತಿತ್ತು, ಮತ್ತೆ ಓಡುತ್ತಿದ್ದ. ಹೀಗೆ ಬಗ್ಗಿ ಎತ್ತಿ ಬಗ್ಗಿ ಎತ್ತಿ ಅವನ ಸೊಂಟ ಹಳೆಯ ಬಾಗಿಲಿನ ಹಾಗೆ ಕಿರ್ರೆನ್ನತೊಡಗಿತು. ಇನ್ನು ಒಂದು ಬಕೆಟ್ ನೀರು ಎತ್ತಿದರೂ ನನ್ನ ಹತ್ತಿರ ಬರಬೇಡ ಎಂದು ಡಾಕ್ಟರು ಗದರಿದ ಮೇಲೆ, ಅವನು ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ: ರಿಪೇರಿ ಕಲಿಸುವ ತರಬೇತಿ ಶಾಲೆಗೆ ಮೇಷ್ಟ್ರ ಕೆಲಸ ಕೇಳಿಕೊಂಡು ಹೋದ. ಅಲ್ಲಿನ ಮುಖ್ಯಸ್ಥರು ಒಪ್ಪಿದರು. "ಸೋಮವಾರ ಸಂಜೆ ಐದರೊಳಗೆ ಬಂದು ಸಹಿ ಹಾಕಿ. ಬರದಿದ್ರೆ ಮಂಗಳವಾರಕ್ಕೆ ಇನ್ನೊಬ್ಬರು ಕಾಯ್ತಿದ್ದಾರೆ" ಎಂದಿದ್ದರು.

ಈ ಗುಟ್ಟು ಗೊತ್ತಿದ್ದುದು ಹೆಂಡತಿಗೊಬ್ಬಳಿಗೇ. ಸೋಮವಾರ ಬೆಳಿಗ್ಗೆ ಅವನ ಅಂಗಿಗೆ ಇಸ್ತ್ರಿ ಹಾಕಿ ಕೈಗಿಡುತ್ತಾ, "ಇವತ್ತು ಯಾರು ಕರೆದ್ರೂ ಹೋಗ್ಬೇಡಿ. ಆಕಾಶವೇ ತಲೆ ಮೇಲೆ ಬೀಳ್ತಿದೆ ಅಂದ್ರೂ ಬೀಳ್ಲಿ ಅನ್ನಿ" ಎಂದಿದ್ದಳು.

ಆಕಾಶವೇನೋ ಬೀಳಲಿಲ್ಲ. ಎರಡೂವರೆಗೆ ಅತ್ತಿಗೆಯ ಫೋನು ಬಂತು.

ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ಅಣ್ಣನೇ ಅವನನ್ನು ಸಾಕಿ, ಕೈಗೆ ಸ್ಪ್ಯಾನರ್ ಕೊಟ್ಟು ಈ ಕಸುಬಿಗೆ ಹಚ್ಚಿದವನು. ಆ ಋಣವನ್ನು ಅಣ್ಣ ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ಅವನ ಪಾಲಿನದನ್ನೂ ಅತ್ತಿಗೆಯೇ ಹೇಳಿ ಮುಗಿಸುತ್ತಿದ್ದಳು. "ಮೆಶೀನ್ ಸ್ಟಾರ್ಟೇ ಆಗ್ತಿಲ್ಲ ಕಣೋ. ನೆನೆದ ಬಟ್ಟೆ ಒಳಗೇ ಇದೆ. ಹತ್ತು ನಿಮಿಷ ಬಂದು ಹೋಗು."

ಹತ್ತು ನಿಮಿಷ ತಾನೇ ಎಂದು ಹೋದ. ಈ ಜಗತ್ತಿನಲ್ಲಿ ಹತ್ತು ನಿಮಿಷ ಎಂದು ಹೋಗಿ ಮುದುಕರಾಗಿ ಹಿಂದಿರುಗಿದವರನ್ನು ಸಾಲಾಗಿ ನಿಲ್ಲಿಸಿದರೆ ಭೂಮಿಗೆ ಎರಡು ಸುತ್ತು ಬರುತ್ತದೆ.

ಅತ್ತಿಗೆಯ ಮನೆ ಮೂರನೇ ಮಹಡಿಯಲ್ಲಿತ್ತು. ಅಡುಗೆಮನೆ ಎಷ್ಟು ಕಿರಿದೆಂದರೆ, ಅಲ್ಲಿ ಯಾರಾದರೂ ಆಕಳಿಸಿದರೆ ಎದುರಿನ ಗೋಡೆಯ ಬಣ್ಣ ಹೋಗುತ್ತಿತ್ತು. ಅದರ ಹಿಂದೆ ಬಟ್ಟೆ ಒಗೆಯಲೆಂದು ಗೂಡಿನಂಥ ಒಂದು ಜಾಗ, ಅದರ ನೆಲ ಅಡುಗೆಮನೆಗಿಂತ ನಾಲ್ಕು ಬೆರಳು ತಗ್ಗು. ಆಚೆ ಬದಿಗೆ ಕಬ್ಬಿಣದ ಗ್ರಿಲ್ಲು. ಮೆಶೀನು ಕೂತಿದ್ದುದು ಆ ಗೂಡಿನ ಬಾಗಿಲಲ್ಲೇ, ಮುಖ ಅಡುಗೆಮನೆಗೆ, ಬೆನ್ನು ಗೂಡಿಗೆ. ಪ್ಲಗ್ಗು, ನಲ್ಲಿ, ಪೈಪು ಎಲ್ಲವೂ ಬೆನ್ನಿನ ಕಡೆ. ಮೊದಲು ಮೆಶೀನು ಇಟ್ಟು ಆಮೇಲೆ ಬಾಗಿಲ ಚೌಕಟ್ಟು ಕೂರಿಸಿದ ಬುದ್ಧಿವಂತಿಕೆ ಅಣ್ಣನದು.

ಸದ್ಯಪ್ಪ ಇಸ್ತ್ರಿ ಅಂಗಿಯನ್ನು ಬಿಚ್ಚಿ ಫೋನಿನ ಸಮೇತ ಅಡುಗೆಮನೆಯ ಕುರ್ಚಿಗೆ ಹಾಕಿದ. ಬನಿಯನ್ನಿನಲ್ಲೇ ಮೆಶೀನನ್ನು ಇಂಚಿಂಚಾಗಿ ಮುಂದಕ್ಕೆ ಎಳೆದು, ಹೊಟ್ಟೆ ಒಳಗೆಳೆದುಕೊಂಡು, ರಿಪೇರಿ ಚೀಲ ಹಿಡಿದು ಸಂದಿಯಲ್ಲಿ ನುಸುಳಿ ಹಿಂದಕ್ಕೆ ಹೋದ. ಪ್ಲಗ್ಗು ಗಟ್ಟಿಯಾಗಿತ್ತು, ಕರೆಂಟು ಇತ್ತು, ನಲ್ಲಿ ತಿರುಗಿಸಿದರೆ ನೀರೂ ಇತ್ತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಒಲೆಗೂ ಅತ್ತಿಗೆಗೂ ನಡುವೆ ಮೆಶೀನು ಅಡ್ಡ. ಅತ್ತಿಗೆ ಹಿಂದೆಮುಂದೆ ನೋಡದೆ ಅದಕ್ಕೆ ಸೊಂಟ ಕೊಟ್ಟು ಒಂದು ನೂಕು ನೂಕಿದಳು. ಮೆಶೀನಿನ ಹಿಂಗಾಲೆರಡೂ ಗೂಡಿನ ತಗ್ಗಿಗೆ ಧಡ್ ಎಂದು ಇಳಿದು ಕೂತವು.

"ಅತ್ತಿಗೆ! ನಾನು ಒಳಗಿದ್ದೀನಿ!"

"ಗೊತ್ತು ಕಣೋ. ಹಾಲು ಉಕ್ತಿತ್ತು."

ಅರ್ಧ ಗಂಟೆ ಅವನು ಹಿಂದಿನಿಂದ ತಳ್ಳಿದ, ಅತ್ತಿಗೆ ಮುಂದಿನಿಂದ ಎಳೆದಳು. ಮೊದಲೇ ಇಂಥ ಮೆಶೀನುಗಳ ಹೊಟ್ಟೆಯಲ್ಲಿ ಕುಣಿಯದಿರಲೆಂದು ಕಾಂಕ್ರೀಟ್ ಗುಂಡು ಇಟ್ಟಿರುತ್ತಾರೆ. ಮೇಲಿಂದ ಮನೆಮಂದಿಯ ಒದ್ದೆ ಬಟ್ಟೆ. ಅದು ಅಲ್ಲಾಡಲಿಲ್ಲ. ಸದ್ಯಪ್ಪನ ಸೊಂಟ ಮಾತ್ರ ಅಲ್ಲಾಡಿತು. ಅವನು ಗೋಡೆ ಹಿಡಿದು ಕಣ್ಣು ಮುಚ್ಚಿ ನಿಂತ. ಮುಂದೆ ಮೆಶೀನು, ಹಿಂದೆ ಗ್ರಿಲ್ಲು, ಎಡಬಲಕ್ಕೆ ಗೋಡೆ. ಕೈ ಎತ್ತಿದರೆ ಇಳಿಸುವುದಕ್ಕೂ ಯೋಚಿಸಬೇಕು.

ಎದುರು ಕಟ್ಟಡದಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಅವನನ್ನು ಗ್ರಿಲ್ಲಿನ ಹಿಂದೆ ಕಂಡು ಕೂಗಿದಳು: "ಏನಪ್ಪಾ, ನಿನ್ನನ್ನೂ ಒಗೆಯೋಕೆ ಹಾಕಿದಾರಾ?"

"ಇಲ್ಲಮ್ಮ, ಒಣಹಾಕಿದಾರೆ."

"ಹಾಗಾದ್ರೆ ಪುರುಸೊತ್ತಾಗಿದ್ದೀಯ ಅನ್ನು. ಅಲ್ಲಿಂದ ಬಿಟ್ಟ ಮೇಲೆ ನಮ್ಮ ಮನೆಗೂ ಬಾ, ಮಿಕ್ಸಿ ಗುರ್ರ್ ಅಂತಿದೆ."

ಅಭ್ಯಾಸಬಲ ನೋಡಿ, ಪಂಜರದೊಳಗಿಂದಲೇ ಅವನು "ಆಯ್ತು" ಎಂದುಬಿಟ್ಟ. ಎಂದ ಮೇಲೆ ತುಟಿ ಕಚ್ಚಿಕೊಂಡ.

ಹೊರಗೆ ಬರುವ ದಾರಿ ಆಮೇಲೆ ಹುಡುಕೋಣ, ಮೊದಲು ರೋಗ ಹಿಡಿಯೋಣ ಎಂದುಕೊಂಡ. ಮುಂಭಾಗದ ಗುಂಡಿಗಳು ಅವನ ಕೈಗೆ ಎಟುಕುವಂತಿರಲಿಲ್ಲ. ಅತ್ತಿಗೆಯೇ ಅವನ ಕೈಯಾಗಬೇಕಾಯಿತು.

"ದೀಪ ಹತ್ತಿದೆಯಾ ಅತ್ತಿಗೆ?"

"ಹತ್ತಿದೆ. ಮದುವೆಮನೆ ಹಾಗೆ ಮಿನುಗ್ತಿದೆ."

"ಮಕ್ಕಳು ಒತ್ತದ ಹಾಗೆ ಗುಂಡಿಗಳಿಗೆ ಬೀಗ ಹಾಕೋ ಗುರುತು, ಪುಟ್ಟ ಮುಖದ್ದು, ಅದು ಕಾಣ್ತಿದೆಯಾ?"

"ಯಾರ ಮುಖವೂ ಇಲ್ಲ."

"ಬಾಗಿಲು ಗಟ್ಟಿಯಾಗಿ ಮುಚ್ಚಿ ಸ್ಟಾರ್ಟ್ ಒತ್ತಿ. ಟಕ್ ಅಂತ ಸದ್ದು ಬರುತ್ತಾ ಕೇಳಿ."

ಅತ್ತಿಗೆ ಮೆಶೀನಿಗೆ ಕಿವಿಯಿಟ್ಟಳು. ಗಂಡನ ಮಾತಿಗೆ ನಲವತ್ತು ವರ್ಷದಲ್ಲಿ ಒಂದು ಸಲವೂ ಹೀಗೆ ಕಿವಿಗೊಟ್ಟವಳಲ್ಲ. "ಟಕ್ ಇಲ್ಲ, ಪಿಟಕ್ ಇಲ್ಲ."

ಅಲ್ಲಿಗೆ ಅರ್ಧ ಗೊತ್ತಾಯಿತು. ಮೇಲಿನ ಹಲಗೆಯ ಎರಡು ತಿರುಪು ಇರುವುದು ಹಿಂದೆಯೇ. ಬಿಚ್ಚಿ, ಹಲಗೆ ಸರಿಸಿ, ತೋಳು ಪೂರ್ತಿ ಇಳಿಬಿಟ್ಟು ಬಾಗಿಲ ಬೀಗದ ತಂತಿಗೆ ಕರೆಂಟು ಅಳೆಯುವ ಮೀಟರಿನ ಕಡ್ಡಿ ಇಟ್ಟು ನೋಡಿದ. ಬೀಗದವರೆಗೆ ಕರೆಂಟು ಬರುತ್ತಿತ್ತು, ಅದರಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ಬಾಗಿಲು ಮುಚ್ಚಿದೆ ಎಂದು ಬೀಗ ಸಾಕ್ಷಿ ಹೇಳದ ಹೊರತು ಮೆಶೀನು ಶುರುವಾಗುವುದಿಲ್ಲ. ಆ ಸಾಕ್ಷಿಯೇ ಸುಟ್ಟುಹೋಗಿತ್ತು.

ಅಷ್ಟರಲ್ಲಿ ಕುರ್ಚಿಯ ಮೇಲಿನ ಅಂಗಿ ಬಡಿದುಕೊಳ್ಳತೊಡಗಿತು. ಅತ್ತಿಗೆ ಫೋನು ತೆಗೆದಳು. "ಯಾರು? ಇಲ್ಲ ಸ್ವಾಮಿ, ಅವನು ಬರೋ ಸ್ಥಿತಿಯಲ್ಲಿಲ್ಲ. ಮೆಶೀನಿನ ಹಿಂದೆ ಸಿಕ್ಕಿಕೊಂಡಿದ್ದಾನೆ. ಹೂಂ... ಹೂಂ... ಹೇಳ್ತೀನಿ." ಫೋನು ಇಟ್ಟು, "ಯಾವುದೋ ಶಾಲೆಯವರು ಕಣೋ. ಐದಕ್ಕೆ ಬಾಗಿಲು ಹಾಕ್ತಾರಂತೆ, ನೆನಪು ಮಾಡೋಕೆ ಫೋನ್ ಮಾಡಿದ್ರು. ಈ ವಯಸ್ಸಲ್ಲಿ ನಿನಗ್ಯಾವ ಶಾಲೆ?"

"ಈಗ ಗಂಟೆ ಎಷ್ಟು ಅತ್ತಿಗೆ?"

"ನಾಲ್ಕೂ ಇಪ್ಪತ್ತು. ಮೆಶೀನಿನ ವಿಷಯ ಹೇಳು."

"ಬೀಗ ಸುಟ್ಟಿದೆ. ಹೊಸದು ತರಿಸ್ಬೇಕು. ಎರಡು ದಿನ ಆಗುತ್ತೆ."

"ಎರಡು ದಿನಾನಾ! ಒಳಗಿನ ಬಟ್ಟೆ ಮೇಲೆ ಅಣಬೆ ಎದ್ದೀತು. ಬೀಗದ ಜಾಗಕ್ಕೆ ಒಂದು ತಂತಿ ಸುತ್ತಿ ಬಿಡು. ನಿನಗೆ ನಾನು ಹೇಳಿಕೊಡಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ಅವನ ಚೀಲದಲ್ಲಿ ತಂತಿಯ ತುಂಡು ಇತ್ತು. ಅರ್ಧ ನಿಮಿಷದ ಕೆಲಸ. ಸುತ್ತಿದ್ದರೆ ಮೆಶೀನು ಓಡುತ್ತಿತ್ತು, ಅತ್ತಿಗೆ ಮೆಚ್ಚುತ್ತಿದ್ದಳು. ಆದರೆ ತೋಳು ಇಳಿಬಿಟ್ಟಿದ್ದವನಿಗೆ ಆ ಯಂತ್ರದ ಒಳಗೆ ತಾನೇ ಹಿಂದೆ ಕಟ್ಟಿದ್ದೆಲ್ಲ ಕಣ್ಣಿಗೆ ಬಿತ್ತು: ಪೈಪಿಗೆ ಬಿಗಿದ ಟ್ಯೂಬು, ಪಂಪಿಗೆ ಸುತ್ತಿದ ದಾರ, ಮೋಟರಿನ ಕೆಳಗೆ ತುರುಕಿದ ಹಳೇ ಚಪ್ಪಲಿಯ ತುಂಡು. ಒಂದೊಂದು ಗಂಟಿನ ಇನ್ನೊಂದು ತುದಿಯೂ ತನ್ನ ಸೊಂಟಕ್ಕೇ ಕಟ್ಟಿದೆ ಎನಿಸಿತು. ಊರಿನ ಮುನ್ನೂರು ಮೆಶೀನುಗಳಿಗೆ ತನ್ನನ್ನು ಕಟ್ಟಿಹಾಕಿದವರು ಯಾರೂ ಅಲ್ಲ. ಕಟ್ಟಿದ್ದೆಲ್ಲ ಅವನದೇ ಕೈ.

ಅಲ್ಲದೆ ಆ ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಳು. ಬಾಗಿಲು ಎಂದು ಕಂಡದ್ದನ್ನೆಲ್ಲ ಎಳೆಯುವ ಜಾತಿ.

"ಸುತ್ತಲ್ಲ ಅತ್ತಿಗೆ."

"ಏನಂದೆ?"

"ತಂತಿ ಸುತ್ತಿದ್ರೆ ಬಾಗಿಲು ತೆರೆದಿದ್ರೂ ಮೆಶೀನ್ ತಿರುಗುತ್ತೆ. ಬಿಸಿನೀರು ಇರುವಾಗ ಮಗು ಎಳೆದ್ರೆ? ನಾನು ಸುತ್ತಲ್ಲ. ಹೊಸ ಬೀಗ ಬರೋವರೆಗೂ ಇದು ನಡೆಯಲ್ಲ."

ಅತ್ತಿಗೆ ಸುಮ್ಮನಾದದ್ದನ್ನು ಕೇಳಲು ಗೋಡೆಯ ಹಲ್ಲಿ ಕೂಡ ತಲೆ ಹೊರಹಾಕಿತು.

"ನಿಮ್ಮಣ್ಣ ನಿನಗೆ ಕೈ ಹಿಡಿದು ಕಲಿಸಿದ್ದು ಇದಕ್ಕೇನಾ?"

"ಅಣ್ಣ ಕಲಿಸಿದ್ದನ್ನೇ ಇನ್ನೊಬ್ಬರಿಗೆ ಕಲಿಸೋ ಕೆಲಸ ಸಿಕ್ಕಿದೆ ಅತ್ತಿಗೆ. ಆ ಶಾಲೆ ಅದೇ. ಐದರೊಳಗೆ ಸಹಿ ಹಾಕದಿದ್ರೆ ಹೋಯ್ತು. ನನ್ನ ಸೊಂಟ ಮುಗಿದಿದೆ. ಇನ್ನು ಇದನ್ನೆಲ್ಲ ಎತ್ತೋಕೆ ಆಗಲ್ಲ."

"ಬಂದ ತಕ್ಷಣ ಹೇಳೋಕೇನಾಗಿತ್ತು ನಿನಗೆ?"

"ನೀವು ಬಾಯಿ ತೆರೆಯೋಕೆ ಬಿಟ್ಟಿದ್ರಾ?"

ಅತ್ತಿಗೆ ಒಂದು ಕ್ಷಣ ಉರಿಗಣ್ಣು ಬಿಟ್ಟಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮೇಲಿಂದ ಬಾ. ಹಲಗೆ ಮುಚ್ಚಿ ಹತ್ತು."

"ಹಲಗೆ ಬಗ್ಗುತ್ತೆ ಅತ್ತಿಗೆ."

"ಹೇಗೂ ನಡೆಯದ ಮೆಶೀನು. ಬಗ್ಗಲಿ, ಹತ್ತೋ!"

ಅವನು ಪ್ಲಗ್ಗು ಕಿತ್ತು, ಹಲಗೆ ಕೂರಿಸಿ, ಗೂಡಿನಲ್ಲಿದ್ದ ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು ಮೆಶೀನಿನ ಮೇಲೆ ಬೋರಲು ಬಿದ್ದ. ಚೌಕಟ್ಟಿಗೂ ಮೆಶೀನಿಗೂ ನಡುವೆ ಇದ್ದ ಸಂದಿಯಲ್ಲಿ ತಲೆ ಬಂತು, ಭುಜ ಬಂತು, ಹೊಟ್ಟೆ ನಿಂತಿತು. ಎದುರು ಕಟ್ಟಡದ ಹೆಂಗಸು ಬಟ್ಟೆ ಬಿಟ್ಟು "ಉಸಿರು ಬಿಡಪ್ಪಾ, ಉಸಿರು ಬಿಡು!" ಎಂದು ಅಲ್ಲಿಂದಲೇ ಸೂಲಗಿತ್ತಿಯ ಕೆಲಸ ಮಾಡಿದಳು. ಅತ್ತಿಗೆ ಅವನ ಎರಡೂ ರಟ್ಟೆ ಹಿಡಿದು, ಒಲೆಕಟ್ಟೆಗೆ ಕಾಲು ಕೊಟ್ಟು, ಹಸುವಿನಿಂದ ಕರು ಎಳೆಯುವ ಹಾಗೆ ಎಳೆದಳು. ಅವನು ಜಾರಿ ಅವಳ ಕಾಲ ಬುಡಕ್ಕೇ ಬಂದು ಬಿದ್ದ.

"ಮಿಕ್ಸಿ?" ಎಂದು ಆಚೆಯಿಂದ ಕೂಗು ಬಂತು.

"ಬರಲ್ಲಮ್ಮ! ಇವತ್ತು ಅಂತಲ್ಲ, ಇನ್ನು ಬರಲ್ಲ!" ಎಂದು ಸದ್ಯಪ್ಪ ಕೂಗಿ ಹೇಳಿದ. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅತ್ತಿಗೆಯ ಮುಖ ನೋಡಿದ.

"ನನ್ನ ಮುಖದಲ್ಲೇನಿದೆ? ಗಂಟೆ ನೋಡು, ಓಡು. ಬಟ್ಟೆ ನಾನು ಕೈಯಲ್ಲಿ ಒಗೀತೀನಿ" ಎಂದಳು ಅವಳು. ಓಡುವವನ ಬೆನ್ನಿಗೆ, "ಬೀಗದ ನಂಬರ್ ಬರೆದುಕೊಟ್ಟು ಹೋಗೋ!" ಎಂದೂ ಸೇರಿಸಿದಳು. ಅವನು ಮೆಟ್ಟಿಲ ಮೇಲಿಂದ ಕೂಗಿ ಹೇಳಿದ.

ಐದಕ್ಕೆ ಎರಡು ನಿಮಿಷ ಇರುವಾಗ ಶಾಲೆಯ ಮುಖ್ಯಸ್ಥರು ಬೀಗ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ತಲೆಯ ತುಂಬ ಜೇಡರಬಲೆ, ಅಂಗಿಯ ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿ ನಿಂತಿದ್ದ ಮನುಷ್ಯ ಏದುಸಿರು ಬಿಡುತ್ತಾ ಬಂದ. ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮೆಶೀನ್ ಸ್ಟಾರ್ಟ್ ಆಯ್ತಾ?"

"ಇಲ್ಲ ಸರ್."

"ಹಾಗೇ ಬಿಟ್ಟು ಬಂದ್ರಾ?"

"ಬಿಟ್ಟು ಬಂದೆ ಸರ್. ಬಾಗಿಲ ಬೀಗ ಸುಟ್ಟಿದೆ. ಹೊಸದು ಹಾಕದೆ ಓಡಿಸಬಾರದು."

ಮುಖ್ಯಸ್ಥರು ಮತ್ತೆ ದೀಪ ಹಾಕಿ ಕಾಗದ ಮುಂದಿಟ್ಟರು. ಮೇಜಿನ ಹಿಂದೆ, ಕಪಾಟಿಗೂ ಗೋಡೆಗೂ ನಡುವೆ ಇದ್ದ ಕುರ್ಚಿ ತೋರಿಸಿ "ಕೂತ್ಕೊಳ್ಳಿ" ಎಂದರು. ಸದ್ಯಪ್ಪ ಆ ಸಂದಿಯನ್ನು ಒಂದು ಗಳಿಗೆ ನೋಡಿದ.

"ಬೇಡ ಸರ್" ಎಂದು, ಬಾಗಿಲ ಹತ್ತಿರ ನಿಂತುಕೊಂಡೇ ಸಹಿ ಹಾಕಿದ.